ಸಾರಾ ಹೇಲ್: ಕಪ್ಪುಡುಗೆಯಲ್ಲೇ ವರಗಳನ್ನು ಎಣಿಸಿದ ತಾಯಿ



ನವೆಂಬರ್ ನಮಗೆ ಮೃತರ ತಿಂಗಳು. ಎರಡನೆಯ ತಾರೀಖಿನಂದು ಸಮಾಧಿಗಳನ್ನು ಶುಚಿಮಾಡಿ, ಹೂವಿಟ್ಟು, ಮೇಣದಬತ್ತಿ ಹಚ್ಚಿ ಪ್ರಾರ್ಥಿಸಿ ಬರುತ್ತೇವೆ. ಇದೇ ತಿಂಗಳ ನಾಲ್ಕನೆಯ ಗುರುವಾರ ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್, ಅಂದರೆ ಕೃತಜ್ಞತಾ ದಿನ. ಅಲ್ಲಿ ದುಡಿಯುವ ಮಕ್ಕಳು, ನೆಂಟರು ಆ ದಿನದ ಫೋಟೊ ಕಳುಹಿಸಿದರೆ ಅದರಲ್ಲಿ ಮೇಜಿನ ತುಂಬ ಊಟ, ನಡುವೆ ದೊಡ್ಡದೊಂದು ಟರ್ಕಿ ಕೋಳಿ, ಸುತ್ತಲೂ ನಗುವ ಮುಖಗಳು. ನೋಡಿದವರಿಗೆ ಇದು ಎಲ್ಲ ಇದ್ದವರ ಹಬ್ಬ ಎನಿಸಬಹುದು.

ಈ ವರ್ಷ ಮನೆಯವರನ್ನು ಕಳೆದುಕೊಂಡವರು ನಮ್ಮ ನಡುವೆಯೂ ಇದ್ದಾರೆ. ದೇವರು ಕೊಟ್ಟ ವರಗಳನ್ನು ಎಣಿಸು ಎಂದು ಅಂಥವರಿಗೆ ಹೇಳಲು ಬಾಯಿ ಬರುವುದಿಲ್ಲ. ಹೇಳಿದರೆ ಅದು ಗಾಯಕ್ಕೆ ಉಪ್ಪು ಸವರಿದಂತೆ. ಹಾಗಾದರೆ ಕೃತಜ್ಞತೆ ಸುಖದಲ್ಲಿರುವವರಿಗೆ ಮಾತ್ರವೇ? ಈ ಪ್ರಶ್ನೆಗೆ ಒಬ್ಬ ತಾಯಿಯ ಬದುಕಿನಲ್ಲಿ ನಮಗೆ ಉತ್ತರ ಸಿಗುತ್ತದೆ. ಕೃತಜ್ಞತಾ ದಿನವನ್ನು ಇಡೀ ಅಮೆರಿಕದ ಹಬ್ಬವಾಗಿಸಲು ಹದಿನೇಳು ವರ್ಷ ಬಿಡದೆ ಬರೆದವರು ಐದು ಮಕ್ಕಳ ಒಬ್ಬ ವಿಧವೆ. ಗಂಡ ತೀರಿಕೊಂಡ ಮೇಲೆ ಕೊನೆಯವರೆಗೂ ಅವರು ಕಪ್ಪು ಬಟ್ಟೆಯನ್ನೇ ಉಟ್ಟರು. ಅವರ ಹೆಸರು ಸಾರಾ ಜೊಸೆಫಾ ಹೇಲ್.

ಹೆಸರು ಹೊಸದೆನಿಸಿದರೂ ಅವರ ಬರಹ ನಮಗೆ ಹೊಸದಲ್ಲ. ಮೇರಿ ಎಂಬ ಹುಡುಗಿಯ ಹಿಂದೆಯೇ ಶಾಲೆಗೆ ಹೋದ ಬಿಳಿಯ ಕುರಿಮರಿಯ ಇಂಗ್ಲಿಷ್ ಪದ್ಯವನ್ನು ನಮ್ಮ ಎಲ್‌ಕೆಜಿ ಮಕ್ಕಳು ಇಂದಿಗೂ ಹೇಳುತ್ತಾರಲ್ಲ, ಅದನ್ನು 1830ರಲ್ಲಿ ತಮ್ಮ ಮಕ್ಕಳ ಪದ್ಯಪುಸ್ತಕದಲ್ಲಿ ಅಚ್ಚುಮಾಡಿಸಿದವರು ಇವರೇ.

ಸಾರಾ ಹುಟ್ಟಿದ್ದು 1788ರ ಅಕ್ಟೋಬರ್ 24ರಂದು, ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ನ್ಯೂಪೋರ್ಟ್ ಎಂಬ ಊರಿನಲ್ಲಿ. ಆ ಕಾಲದಲ್ಲಿ ಹೆಣ್ಣುಮಕ್ಕಳಿಗೆ ಅಲ್ಲಿ ಕಾಲೇಜಿನ ಬಾಗಿಲು ಮುಚ್ಚಿತ್ತು. ಅಕ್ಷರ ಕಲಿಸಿದವರು ತಾಯಿ. ಅಣ್ಣ ಹೊರೇಷಿಯೊ ಡಾರ್ಟ್‌ಮತ್ ಕಾಲೇಜಿಗೆ ಸೇರಿದ ಮೇಲೆ ತಾನು ಕಲಿತದ್ದನ್ನು ತಂಗಿಗೂ ಹೇಳಿಕೊಟ್ಟ. ಹೀಗೆ ಮನೆಯಲ್ಲೇ ಓದಿ, ಹದಿನೆಂಟರ ಪ್ರಾಯಕ್ಕೆ ಸಾರಾ ಊರಿನ ಮಕ್ಕಳಿಗೆ ಟೀಚರಾದರು.

1813ರಲ್ಲಿ ಡೇವಿಡ್ ಹೇಲ್ ಎಂಬ ವಕೀಲರೊಂದಿಗೆ ಅವರ ವಿವಾಹವಾಯಿತು. ಪ್ರತಿ ರಾತ್ರಿ ಎಂಟರಿಂದ ಹತ್ತು ಗಂಟೆಯವರೆಗೆ ಗಂಡ ಹೆಂಡತಿ ಇಬ್ಬರೂ ಜೊತೆಯಾಗಿ ಓದುತ್ತಿದ್ದರು: ಫ್ರೆಂಚ್ ಭಾಷೆ, ಸಸ್ಯಶಾಸ್ತ್ರ, ಬರವಣಿಗೆ. ಒಮ್ಮೆ ಸಾರಾ ಅವರಿಗೆ ಕ್ಷಯ ಎಂದು ವೈದ್ಯರು ಹೇಳಿದಾಗ, ಡೇವಿಡ್ ಅವರನ್ನು ಕುದುರೆಗಾಡಿಯಲ್ಲಿ ಕೂರಿಸಿಕೊಂಡು ಬೆಟ್ಟಗಾಡಿನ ತಂಪುಗಾಳಿಯಲ್ಲಿ ವಾರಗಟ್ಟಲೆ ಸುತ್ತಾಡಿಸಿ, ದಾರಿಯುದ್ದಕ್ಕೂ ದ್ರಾಕ್ಷಿ ತಿನ್ನಿಸಿದರೆಂದು ಅವರ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ಸಾರಾ ಗುಣವಾಗಿ ಮನೆಗೆ ಬಂದರು.

ಆದರೆ ಹೆಂಡತಿಯನ್ನು ಉಳಿಸಿಕೊಂಡ ಗಂಡ ತಾವೇ ಉಳಿಯಲಿಲ್ಲ. 1822ರ ಸೆಪ್ಟೆಂಬರಿನಲ್ಲಿ ಡೇವಿಡ್ ನ್ಯುಮೋನಿಯದಿಂದ ತೀರಿಕೊಂಡರು. ಆಗ ಮನೆಯಲ್ಲಿ ನಾಲ್ಕು ಮಕ್ಕಳು, ಹಿರಿಯವನಿಗೆ ಏಳು ವರ್ಷ. ತಾಯಿ ತುಂಬು ಗರ್ಭಿಣಿ. ಸುಮಾರು ಎರಡು ವಾರಗಳಲ್ಲಿ ಐದನೆಯ ಮಗು ವಿಲಿಯಂ ಹುಟ್ಟಿತು. ತಂದೆಯ ಮುಖ ಕಾಣದ ಮಗುವನ್ನು ಎತ್ತಿಕೊಂಡ ಆ ತಾಯಿಯ ಮನಸ್ಸಿನ ಸ್ಥಿತಿ ಏನಿದ್ದಿರಬಹುದು ಎಂಬುದನ್ನು, ಹಾಗೆಯೇ ಮಗುವನ್ನು ಎತ್ತಿಕೊಂಡ ತಾಯಂದಿರು ಬಲ್ಲರು.

ಅಂಥ ಹೊತ್ತಿನಲ್ಲಿ ಸಾರಾ ಅವರಿಗೆ ಉಳಿದದ್ದು ಮೂರು: ಕುಟುಂಬ, ಸ್ನೇಹಿತರು, ಕೆಲಸ. ನಾದಿನಿಯ ಜೊತೆ ಸೇರಿ ಹೆಂಗಸರ ಟೋಪಿ ತಯಾರಿಸಿ ಮಾರುವ ಅಂಗಡಿ ತೆರೆದರು. ಅದರಿಂದ ಸಂಸಾರ ನಡೆಯುವಂತಿರಲಿಲ್ಲ. ಆಗ ಗಂಡನ ಸ್ನೇಹಿತರು ಮುಂದೆ ಬಂದು, ಅವರ ಕವಿತೆಗಳನ್ನು 1823ರಲ್ಲಿ ಪುಸ್ತಕವಾಗಿ ಹೊರತರಲು ನೆರವಾದರು. 1827ರಲ್ಲಿ ಅವರ ಕಾದಂಬರಿ ನಾರ್ತ್‌ವುಡ್ ಪ್ರಕಟವಾಯಿತು. ನ್ಯೂ ಇಂಗ್ಲೆಂಡಿನ ಒಂದು ರೈತ ಮನೆಯಲ್ಲಿ ನಡೆಯುವ ಕೃತಜ್ಞತೆಯ ಊಟವನ್ನು ಅದರಲ್ಲಿ ವಿಸ್ತಾರವಾಗಿ ಬಣ್ಣಿಸಿದ್ದಾರೆ. ಗಂಡನನ್ನು ಕಳೆದುಕೊಂಡು ಐದೇ ವರ್ಷ. ಆದರೂ ತುಂಬಿದ ಮೇಜನ್ನು, ಕೂಡಿ ಕುಳಿತ ಕುಟುಂಬವನ್ನು ಅವರು ಪ್ರೀತಿಯಿಂದ ಬರೆದರು.

ಆ ಪುಸ್ತಕ ಓದಿದ ಪಾದ್ರಿಯೊಬ್ಬರು ತಮ್ಮ ಹೊಸ ಮಹಿಳಾ ಮಾಸಪತ್ರಿಕೆಗೆ ಸಂಪಾದಕಿಯಾಗಲು ಅವರನ್ನು ಬಾಸ್ಟನ್ ನಗರಕ್ಕೆ ಕರೆದರು. 1828ರಲ್ಲಿ ಸಾರಾ ಹೊರಟರು. ಐದು ಮಕ್ಕಳನ್ನೂ ಜೊತೆಗೆ ಕರೆದೊಯ್ಯಲು ಆಗಲಿಲ್ಲ. ದೊಡ್ಡ ಮಕ್ಕಳನ್ನು ಬಂಧುಗಳ ಆಸರೆಯಲ್ಲಿ ಬಿಡಬೇಕಾಯಿತು. ಮಕ್ಕಳನ್ನು ಅಜ್ಜಿಯ ಮನೆಯಲ್ಲೋ ಹಾಸ್ಟೆಲಿನಲ್ಲೋ ಬಿಟ್ಟು ದೂರದ ಪಟ್ಟಣಕ್ಕೆ, ಕೊಲ್ಲಿ ದೇಶಕ್ಕೆ ದುಡಿಯಲು ಹೋದವರಿಗೆ ಈ ಸಂಕಟವನ್ನು ವಿವರಿಸಬೇಕಾಗಿಲ್ಲ. ಮಕ್ಕಳ ಓದಿಗಾಗಿಯೇ ಅವರು ದುಡಿದರು, ಓದಿಸಿಯೂ ಓದಿಸಿದರು.

ಕೆಲಸ ತನಗೆ ಬಂದ ವರ ಎಂದು ತಿಳಿದವರು ಅದನ್ನು ಇನ್ನೊಬ್ಬರಿಗೂ ಕೊಡಿಸುತ್ತಾರೆ. ಬಾಸ್ಟನ್ ಬಂದರಿನ ನಾವಿಕರು ತಿಂಗಳುಗಟ್ಟಲೆ ಸಮುದ್ರದಲ್ಲಿರುತ್ತಿದ್ದರು. ಕೆಲವರು ಮರಳಿ ಬರುತ್ತಲೇ ಇರಲಿಲ್ಲ. ಅವರ ಹೆಂಡಿರು ಬಟ್ಟೆ ಹೊಲಿದು ಬದುಕುತ್ತಿದ್ದರು, ಆದರೆ ಸಿಗುತ್ತಿದ್ದ ಕೂಲಿ ಹೊಟ್ಟೆಗೆ ಸಾಲುತ್ತಿರಲಿಲ್ಲ. 1833ರಲ್ಲಿ ಸಾರಾ ಮತ್ತು ಗೆಳತಿಯರು ಸೇರಿ ನಾವಿಕರ ನೆರವಿನ ಸಂಘ ಕಟ್ಟಿದರು. ಸುಮ್ಮನೆ ದಾನ ಹಂಚುವ ಬದಲು ಹೊಲಿಗೆ ಕೆಲಸ ಕೊಟ್ಟು ನ್ಯಾಯವಾದ ಕೂಲಿ ಕೊಟ್ಟರು, ಬಟ್ಟೆ ಮಾರಲು ಅಂಗಡಿ ತೆರೆದರು, ಹೆಣ್ಣುಮಕ್ಕಳಿಗೆ ಶಾಲೆ ನಡೆಸಿದರು. ಟೋಪಿ ಅಂಗಡಿಯಲ್ಲಿ ಕೂತು ಕಷ್ಟಪಟ್ಟ ವಿಧವೆಗೆ ಇನ್ನೊಬ್ಬ ವಿಧವೆಯ ಅಗತ್ಯ ತಿಳಿದಿತ್ತು.

1837ರಿಂದ ಸಾರಾ ಗೋಡೀಸ್ ಲೇಡೀಸ್ ಬುಕ್ ಎಂಬ ಮಾಸಪತ್ರಿಕೆಯ ಸಂಪಾದಕಿಯಾದರು. ಕಿರಿಯ ಮಗ ಹಾರ್ವರ್ಡ್‌ನಲ್ಲಿ ಓದುತ್ತಿದ್ದ ಕಾರಣ ಮೊದಲು ಬಾಸ್ಟನ್ನಿನಿಂದಲೇ ಕೆಲಸ ಮಾಡಿ, 1841ರಲ್ಲಿ ಪತ್ರಿಕೆಯ ಊರಾದ ಫಿಲಡೆಲ್ಫಿಯಾಗೆ ಹೋದರು. ಈ ನಡುವೆ 1839ರಲ್ಲಿ ಮತ್ತೊಂದು ಪೆಟ್ಟು ಬಿತ್ತು. ಸೈನ್ಯದಲ್ಲಿ ಅಧಿಕಾರಿಯಾಗಿದ್ದ ಹಿರಿಯ ಮಗ ಡೇವಿಡ್ ತೀರಿಕೊಂಡ. ತಾಯಿ ದುಃಖಪಟ್ಟು, ಮತ್ತೆ ಮೇಜಿನ ಮುಂದೆ ಕುಳಿತು ಬರೆದರು. 1860ರ ಹೊತ್ತಿಗೆ ಆ ಪತ್ರಿಕೆಯ ಪ್ರಸಾರ ಸುಮಾರು 1,50,000. ಹೆಣ್ಣುಮಕ್ಕಳ ಕಾಲೇಜು ಓದು, ಮಹಿಳಾ ಶಿಕ್ಷಕಿಯರು, ಮಹಿಳಾ ವೈದ್ಯರು, ಇವೆಲ್ಲದರ ಪರವಾಗಿ ಅವರು ಅದರಲ್ಲಿ ಬರೆದರು.

1846ರಿಂದ ಅವರು ಇನ್ನೊಂದು ವಿಷಯ ಹಿಡಿದರು. ಆಗ ಕೃತಜ್ಞತಾ ದಿನ ಮುಖ್ಯವಾಗಿ ನ್ಯೂ ಇಂಗ್ಲೆಂಡಿನ ರೂಢಿಯಾಗಿತ್ತು. ಆಯಾ ರಾಜ್ಯದ ಗವರ್ನರ್ ತಮಗೆ ತೋಚಿದ ದಿನ ಸಾರುತ್ತಿದ್ದರು. 1789ರಲ್ಲಿ ಅಧ್ಯಕ್ಷ ವಾಷಿಂಗ್ಟನ್ ನವೆಂಬರ್ 26ನ್ನು ದೇಶಕ್ಕೆಲ್ಲ ಕೃತಜ್ಞತಾ ದಿನವೆಂದು ಸಾರಿದ್ದರೂ ಅದು ವರ್ಷವರ್ಷವೂ ನಡೆಯುವ ಹಬ್ಬವಾಗಿ ಉಳಿಯಲಿಲ್ಲ. ಒಂದೇ ದಿನ ಇಡೀ ದೇಶ ದೇವರಿಗೆ ವಂದನೆ ಸಲ್ಲಿಸಲಿ ಎಂದು ಸಾರಾ ಪತ್ರಿಕೆಯಲ್ಲಿ ಬರೆಯತೊಡಗಿದರು. ಗವರ್ನರುಗಳಿಗೆ, ಒಬ್ಬರಾದ ಮೇಲೊಬ್ಬ ಅಧ್ಯಕ್ಷರಿಗೆ ಪತ್ರ ಬರೆದರು. ಆ ದಿನ ಬಡವರ ಮನೆಗೂ ಊಟ ಹೋಗಬೇಕು ಎಂಬುದು ಅವರ ಆಸೆ. ಒಂದೇ ಮೇಜಿನ ಮುಂದೆ ಕೂತವರು ಜಗಳವಾಡಲಾರರು, ಗುಲಾಮಗಿರಿಯ ವಿಷಯದಲ್ಲಿ ಒಡೆಯುತ್ತಿದ್ದ ಉತ್ತರ ದಕ್ಷಿಣಗಳನ್ನು ಈ ಹಬ್ಬ ಕೂಡಿಸೀತು ಎಂದೂ ನಂಬಿದ್ದರು.

ಆ ನಂಬಿಕೆ ಫಲಿಸಲಿಲ್ಲ. 1861ರಲ್ಲಿ ಅಂತರ್ಯುದ್ಧ ಶುರುವಾಯಿತು. 1863ರ ಜುಲೈ ಮೊದಲ ಮೂರು ದಿನ ಗೆಟ್ಟಿಸ್‌ಬರ್ಗ್ ಎಂಬಲ್ಲಿ ನಡೆದ ಒಂದೇ ಕಾಳಗದಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಸುಮಾರು 50,000 ಮಂದಿ. ಅದೇ ವರ್ಷ ಸೆಪ್ಟೆಂಬರ್ 28ರಂದು, ಎಪ್ಪತ್ತೈದು ತುಂಬುತ್ತಿದ್ದ ಸಾರಾ ಅಧ್ಯಕ್ಷ ಅಬ್ರಹಾಂ ಲಿಂಕನ್ ಅವರಿಗೆ ಪತ್ರ ಬರೆದರು. ಲಿಂಕನ್ ಅವರೂ ಹಿಂದಿನ ವರ್ಷವಷ್ಟೇ ಹನ್ನೊಂದು ವರ್ಷದ ಮಗ ವಿಲ್ಲಿಯನ್ನು ಮಣ್ಣಿಗೆ ಕೊಟ್ಟಿದ್ದ ತಂದೆ. ಅಕ್ಟೋಬರ್ 3ರಂದು ಆಜ್ಞೆ ಹೊರಟಿತು: ನವೆಂಬರಿನ ಕೊನೆಯ ಗುರುವಾರ ದೇಶಕ್ಕೆಲ್ಲ ಕೃತಜ್ಞತಾ ದಿನ. ಆ ಘೋಷಣೆಯನ್ನು ಬರೆದುಕೊಟ್ಟವರು ಅವರ ಮಂತ್ರಿ ವಿಲಿಯಂ ಸೀವರ್ಡ್. ಹೊಲ ಗಣಿಗಳ ಫಲಕ್ಕಾಗಿ ದೇವರನ್ನು ವಂದಿಸಲು ಹೇಳಿದ ಅದೇ ಘೋಷಣೆ, ದೇಶದ ತಪ್ಪುಗಳಿಗಾಗಿ ಪಶ್ಚಾತ್ತಾಪ ಪಡಲು, ಯುದ್ಧದಿಂದ ವಿಧವೆಯರಾದವರನ್ನು, ಅನಾಥರನ್ನು, ದುಃಖಿತರನ್ನು ದೇವರ ಕೈಗೆ ಒಪ್ಪಿಸಲೂ ಹೇಳಿತು. ಆ ವರ್ಷ ಎಷ್ಟೋ ಮನೆಗಳ ಮೇಜಿನಲ್ಲಿ ಒಂದೊಂದು ಕುರ್ಚಿ ಖಾಲಿಯಾಗಿತ್ತು. ಖಾಲಿ ಕುರ್ಚಿಯನ್ನು ಮರೆಮಾಡದೆ, ಅದರ ಪಕ್ಕದಲ್ಲೇ ಕುಳಿತು ಜನ ವಂದನೆ ಸಲ್ಲಿಸಿದರು.

ಸಾರಾ ಅವರನ್ನು ನಾವು ಸಂತರೆಂದು ಹೇಳುತ್ತಿಲ್ಲ. ಅವರು ಕಥೋಲಿಕರೂ ಅಲ್ಲ. ಗುಲಾಮಗಿರಿ ತಪ್ಪೆಂದು ತಿಳಿದರೂ, ಬಿಡುಗಡೆಯಾದ ಕಪ್ಪುಜನರು ಆಫ್ರಿಕಕ್ಕೆ ಹೋಗಲಿ ಎಂಬ ಅಂದಿನ ಕೆಲವರ ವಿಚಾರವನ್ನೇ ಅವರೂ ಹಿಡಿದಿದ್ದರು. ಹೆಂಗಸರಿಗೆ ಮತದಾನದ ಹಕ್ಕು ಬೇಕೆನ್ನಲಿಲ್ಲ. ಈ ಹಬ್ಬದ ಮೂಲವೆಂದು ಹೇಳುವ 1621ರ ಸುಗ್ಗಿಯೂಟದಲ್ಲಿ ಸುಮಾರು ಐವತ್ತು ಇಂಗ್ಲಿಷರ ಜೊತೆ ತೊಂಬತ್ತು ಮಂದಿ ವಾಂಪನೋಗ್ ಮೂಲನಿವಾಸಿಗಳೂ ಕೂತಿದ್ದರು. ಮುಂದೆ ಅವರು ನೆಲವನ್ನೂ ಜನರನ್ನೂ ಕಳೆದುಕೊಂಡರು. ಅದರ ನೆನಪಿಗೆ ಮೂಲನಿವಾಸಿಗಳು 1970ರಿಂದ ಅದೇ ದಿನ ಪ್ಲಿಮತ್‌ನಲ್ಲಿ ಸೇರಿ ಶೋಕ ಆಚರಿಸುತ್ತಾರೆ. ನಿಜವಾದ ಕೃತಜ್ಞತೆ ಇಂಥ ನೆನಪಿಗೆ ಹೆದರಬಾರದು.

ಅವರ ಎರಡನೆಯ ಮಗ ಹೊರೇಷಿಯೊ ಭಾಷಾಶಾಸ್ತ್ರಜ್ಞರಾದರು. 1870ರಲ್ಲಿ ಕೆನಡಾದಲ್ಲಿ ನಿಕೊನ್ಹಾ ಎಂಬ ಮುಪ್ಪಿನ ಮುದುಕನ ಬಳಿ ಕುಳಿತು, ಅಳಿಯುತ್ತಿದ್ದ ಟುಟೆಲೊ ಭಾಷೆಯ ಮಾತುಗಳನ್ನು ಬರೆದುಕೊಂಡರು. ಮರುವರ್ಷವೇ ಆ ಮುದುಕ ತೀರಿಕೊಂಡ. ಹಲವು ಭಾಷೆಗಳ ಧರ್ಮಪ್ರಾಂತ್ಯದಲ್ಲಿ ಕನ್ನಡದಲ್ಲಿ ಪ್ರಾರ್ಥಿಸುವ ನಾವು, ವರಗಳನ್ನು ಎಣಿಸುವಾಗ ತಾಯಿಭಾಷೆಯನ್ನು ಮರೆಯಬಾರದು ಎನಿಸುತ್ತದೆ.

ಸಾರಾ 1877ರವರೆಗೆ, ಎಂಬತ್ತೊಂಬತ್ತು ವರ್ಷವಾಗುವವರೆಗೆ ಸಂಪಾದಕಿಯಾಗಿ ದುಡಿದರು. ಅದೇ ವರ್ಷ ಥಾಮಸ್ ಎಡಿಸನ್ ತಮ್ಮ ಹೊಸ ಯಂತ್ರ ಫೋನೋಗ್ರಾಫ್ ಪರೀಕ್ಷಿಸಲು ಅದರ ಮುಂದೆ ಹೇಳಿದ್ದು ಮೇರಿಯ ಕುರಿಮರಿಯ ಪದ್ಯವನ್ನೇ. 1879ರ ಏಪ್ರಿಲ್ 30ರಂದು ತೊಂಬತ್ತರ ವಯಸ್ಸಿನಲ್ಲಿ ಸಾರಾ ಫಿಲಡೆಲ್ಫಿಯಾದಲ್ಲಿ ನಿಧನರಾದರು.

ಪ್ರಿಯರೇ, ಐವತ್ತಾರು ವರ್ಷ ಕಪ್ಪುಡುಗೆ ಕಳಚದ ಈ ತಾಯಿ ದುಃಖವನ್ನು ಮರೆತು ವಂದಿಸಲಿಲ್ಲ. ದುಃಖವನ್ನು ಉಟ್ಟುಕೊಂಡೇ ವಂದಿಸಿದರು. ಇದು ನಮಗೆ ಹೊಸ ಪಾಠವೇ? ಗ್ರೀಕ್ ಭಾಷೆಯಲ್ಲಿ ಯೂಕರಿಸ್ಟ್ ಎಂಬ ಮಾತಿನ ಅರ್ಥವೇ ಕೃತಜ್ಞತೆ. ನಮ್ಮ ಪ್ರಭು ರೊಟ್ಟಿಯನ್ನು ತೆಗೆದುಕೊಂಡು ಪಿತನನ್ನು ವಂದಿಸಿದ್ದು ಸುಖದ ದಿನವಲ್ಲ, ಹಿಡಿದುಕೊಡಲ್ಪಟ್ಟ ರಾತ್ರಿ. ಪ್ರತಿ ಬಲಿಪೂಜೆಯಲ್ಲೂ ದೇವರನ್ನು ವಂದಿಸುವ ಅದೇ ಪ್ರಾರ್ಥನೆಯಲ್ಲಿ ಗುರುಗಳು ಮೃತರನ್ನೂ ನೆನೆಯುತ್ತಾರೆ. ವಂದನೆ ಮತ್ತು ಕಣ್ಣೀರು ಒಂದೇ ಪೀಠದ ಮೇಲಿವೆ.

ಆದ್ದರಿಂದ ಈ ತಿಂಗಳು ಮುಗಿಯುವ ಮೊದಲು ಒಂದು ಸಂಜೆ, ಜಪಸರ ಮುಗಿದ ಮೇಲೆ ಮನೆಮಂದಿಯೆಲ್ಲ ಹತ್ತು ನಿಮಿಷ ಕೂರೋಣ. ಒಬ್ಬೊಬ್ಬರೂ ನಾಲ್ಕು ಹೆಸರು ಹೇಳೋಣ: ಮನೆಯವರಲ್ಲಿ ಒಬ್ಬರು, ಕಷ್ಟದಲ್ಲಿ ಬಾಗಿಲು ತಟ್ಟಿದ ಸ್ನೇಹಿತರೊಬ್ಬರು, ನಮಗೆ ಕೆಲಸ ಕಲಿಸಿದವರೊಬ್ಬರು, ಅಗಲಿದವರೊಬ್ಬರು. ಹೇಳುವಾಗ ಅಳು ಬಂದರೆ ಬರಲಿ. ಆಮೇಲೆ, ಈ ವರ್ಷ ಸಾವು ಕಂಡ ನೆರೆಮನೆಗೆ ಒಂದು ಪಾತ್ರೆ ಊಟ ತೆಗೆದುಕೊಂಡು ಹೋಗೋಣ. ಅಲ್ಲಿ ಉಪದೇಶ ಬೇಡ. ಖಾಲಿ ಕುರ್ಚಿಯ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತು ಬಂದರೆ ಸಾಕು.