ನೀರನ್ನು ಉಳಿಸಿಕೊಟ್ಟ ಯಂತ್ರಶಿಲ್ಪಿ ಮೈಬಾಖ್

ಮೋಟಾರು ಗಾಡಿಯ ಚರಿತ್ರೆಯನ್ನು ಬರೆದವರು ಬೆಂಕಿಯ ವಿಷಯವನ್ನು ವಿಸ್ತಾರವಾಗಿ ಹೇಳುತ್ತಾರೆ. ನೀರಿನ ವಿಷಯಕ್ಕೆ ಬಂದಾಗ ಎರಡು ವಾಕ್ಯಗಳಲ್ಲಿ ಮುಗಿಸಿಬಿಡುತ್ತಾರೆ. ಆದರೆ ಎಂಜಿನ್ನಿನಲ್ಲಿ ಉರಿದ ಪೆಟ್ರೋಲಿನ ಶಾಖದಲ್ಲಿ ಚಕ್ರವನ್ನು ತಿರುಗಿಸಲು ಒದಗುವುದು ಸ್ವಲ್ಪ ಭಾಗ ಮಾತ್ರ. ಉಳಿದುದರಲ್ಲಿ ಕೆಲವಂಶ ಹೊಗೆಯೊಡನೆ ಹೊರಟುಹೋಗುತ್ತದೆ. ಕೆಲವಂಶವನ್ನು ನೀರು ಹೊತ್ತು ಹೊರಕ್ಕೆ ಹಾಕಬೇಕು. ಹಾಕದಿದ್ದರೆ ಪಿಸ್ಟನ್ ಸಿಲಿಂಡರಿನೊಳಗೆ ಕಚ್ಚಿಕೊಂಡು ನಿಂತುಬಿಡುತ್ತದೆ. 1886ರಲ್ಲಿ ಕಾರ್ಲ್ ಬೆಂಜನು ರಚಿಸಿದ ಮೂರು ಚಕ್ರದ ಗಾಡಿಯಲ್ಲಿ ಈ ನೀರು ಕುದಿದು ಆವಿಯಾಗಿ ಹೋಗುತ್ತಿತ್ತು. 1888ರ ಆಗಸ್ಟಿನಲ್ಲಿ ಅವನ ಹೆಂಡತಿ ಬೆರ್ತಾ ಇಬ್ಬರು ಮಕ್ಕಳನ್ನು ಕರೆದುಕೊಂಡು ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನವರೆಗೆ ನೂರು ಕಿಲೋಮೀಟರಿಗೂ ಮಿಕ್ಕಿ ಪ್ರಯಾಣ ಮಾಡಿದಾಗ, ದಾರಿಯುದ್ದಕ್ಕೂ ನೀರು ತುಂಬುವುದೇ ಒಂದು ಕೆಲಸವಾಗಿತ್ತು. ಆ ಕಷ್ಟವನ್ನು ತಪ್ಪಿಸಿದ ವಿಲ್‌ಹೆಲ್ಮ್ ಮೈಬಾಖನ ಜೀವನವನ್ನು ನನಗೆ ತಿಳಿದಮಟ್ಟಿಗೆ ಇಲ್ಲಿ ನಿರೂಪಿಸುತ್ತೇನೆ.

ಮೈಬಾಖನು 1846ರ ಫೆಬ್ರವರಿ 9ರಂದು ಜರ್ಮನಿಯ ಹೈಲ್‌ಬ್ರಾನ್ ಎಂಬ ಊರಿನಲ್ಲಿ ಹುಟ್ಟಿದನು. ತಂದೆ ಬಡಗಿ, ಐವರು ಗಂಡುಮಕ್ಕಳು. ಹುಡುಗನಿಗೆ ಎಂಟು ವರ್ಷವಾದಾಗ ತಾಯಿ ತೀರಿಕೊಂಡಳು, ಹತ್ತು ವರ್ಷವಾದಾಗ ತಂದೆಯೂ ತೀರಿಕೊಂಡನು. ದಿಕ್ಕಿಲ್ಲದ ಈ ಬಾಲಕನನ್ನು ರಾಯ್ಟ್ಲಿಂಗನ್ನಿನಲ್ಲಿ ಗುಸ್ತಾವ್ ವೆರ್ನರ್ ಎಂಬ ಧರ್ಮೋಪದೇಶಕನು ನಡೆಸುತ್ತಿದ್ದ ಅನಾಥಾಶ್ರಮವು ಸಾಕಿತು. ಆಶ್ರಮಕ್ಕೆ ಸೇರಿದ ಯಂತ್ರಕಾರ್ಖಾನೆಯೊಂದಿತ್ತು. ಹುಡುಗನ ಕೈಯಲ್ಲಿ ರೇಖೆ ಚೆನ್ನಾಗಿ ಬರುವುದನ್ನು ಕಂಡು ಅವನನ್ನು ನಕ್ಷೆ ಬರೆಯುವ ಕೆಲಸಕ್ಕೆ ಹಾಕಿದರು. ಹಗಲು ನಕ್ಷೆಯ ಮೇಜು, ಸಂಜೆ ಊರಿನ ಶಾಲೆಯಲ್ಲಿ ಭೌತವಿಜ್ಞಾನ ಮತ್ತು ರೇಖಾಚಿತ್ರದ ಪಾಠ. ಹಾಸ್ಟೆಲಿನಲ್ಲಿದ್ದು ಓದುತ್ತಿರುವ ನಮ್ಮ ಗೆಳೆಯರಿಗೆ ಈ ದಿನಚರಿಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಆ ಕಾರ್ಖಾನೆಗೆ ಮುಖ್ಯಸ್ಥನಾಗಿ ಬಂದವನು ಗಾಟ್ಲೀಬ್ ಡೈಮ್ಲರ್. ಮೈಬಾಖನಿಗಿಂತ ಹನ್ನೆರಡು ವರ್ಷ ಹಿರಿಯನಾದ ಈತನು ಹುಡುಗನ ಬುದ್ಧಿಯನ್ನು ಗುರುತಿಸಿದನು. ಅಲ್ಲಿಂದ ಮುಂದೆ ಡೈಮ್ಲರನು ಕಾರ್ಲ್ಸ್‌ರೂಹೆಗೆ ಹೋದರೆ ಮೈಬಾಖನೂ ಅಲ್ಲಿಗೆ. 1872ರಲ್ಲಿ ಡೈಮ್ಲರನು ಡಾಯ್ಟ್ಸಿನ ಅನಿಲ ಎಂಜಿನ್ ಕಾರ್ಖಾನೆಗೆ ಹೋದರೆ ಮೈಬಾಖನೂ ಅಲ್ಲಿಗೆ. 1882ರಲ್ಲಿ ಇಬ್ಬರೂ ಆ ಕೆಲಸವನ್ನು ಬಿಟ್ಟು ಕಾನ್‌ಸ್ಟಾಟಿನಲ್ಲಿ ಡೈಮ್ಲರನ ಮನೆಯ ತೋಟದ ಗಾಜಿನ ಸಸ್ಯಗೃಹವನ್ನೇ ಕಾರ್ಯಾಗಾರ ಮಾಡಿಕೊಂಡರು. ಇವರು ಬಾಗಿಲು ಹಾಕಿಕೊಂಡು ಹಗಲಿರುಳು ಲೋಹ ಬಡಿಯುವುದನ್ನು ಕೇಳಿದ ತೋಟಗಾರನು ಖೋಟಾ ನಾಣ್ಯ ಮಾಡುತ್ತಿದ್ದಾರೆಂದು ಪೊಲೀಸರಿಗೆ ತಿಳಿಸಿದನಂತೆ. ಪೊಲೀಸರು ಬಂದು ನೋಡಿದರೆ ಒಳಗಿದ್ದುದು ಎಂಜಿನ್ ಮಾತ್ರ. ಅಂಥದೊಂದು ಎಂಜಿನ್ನನ್ನು 1885ರಲ್ಲಿ ಮರದ ದ್ವಿಚಕ್ರಿಯೊಂದಕ್ಕೆ ಜೋಡಿಸಿ ಓಡಿಸಿದರು.

ಇನ್ನು ನೀರಿನ ವಿಷಯ. 1889ರಲ್ಲಿ ಮೈಬಾಖನು ಉಕ್ಕಿನ ಚಕ್ರದ ಗಾಡಿಯೊಂದನ್ನು ರೂಪಿಸಿದಾಗ, ಅದರ ಚೌಕಟ್ಟಿನ ಕೊಳವೆಗಳೊಳಗೇ ನೀರನ್ನು ಹರಿಸಿ ತಣಿಸಿದನು. ಗಾಡಿಯ ಮೂಳೆಯೇ ಅದರ ರಕ್ತನಾಳವೂ ಆಯಿತು ಎನ್ನಬಹುದು. 1897ರಲ್ಲಿ ಸಣ್ಣ ಕೊಳವೆಗಳ ಶೈತ್ಯಕವೊಂದನ್ನು ಮಾಡಿದನು. 1900ರಲ್ಲಿ ಜೇನುಗೂಡಿನಂಥ ರೇಡಿಯೇಟರ್ ಬಂದಿತು: ಆರು ಮಿಲಿಮೀಟರ್ ಚೌಕದ 8070 ಪುಟ್ಟ ನಳಿಕೆಗಳನ್ನು ಒತ್ತೊತ್ತಾಗಿ ಜೋಡಿಸಿ ಬೆಸೆದ ಒಂದು ಪೆಟ್ಟಿಗೆ. ನಳಿಕೆಯ ಒಳಗೆ ಗಾಳಿ, ನಳಿಕೆಗಳ ನಡುವಣ ಸಂದಿನಲ್ಲಿ ನೀರು, ಹಿಂದುಗಡೆ ಗಾಳಿಯನ್ನು ಎಳೆಯುವ ಒಂದು ಬೀಸಣಿಗೆ.

ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ಇದನ್ನು ಅರ್ಥಮಾಡಿಕೊಳ್ಳುವುದು ಸುಲಭ. ನಮ್ಮ ಹೊಗೆಸೊಪ್ಪಿನ ಬ್ಯಾರನ್ನಿನಲ್ಲಿ ಒಲೆಯ ಬಿಸಿಹೊಗೆಯು ತಗಡಿನ ಕೊಳವೆಯೊಳಗೆ ಸುತ್ತಿ ಹೊರಟುಹೋಗುತ್ತದೆ. ಹೊಗೆ ಎಲೆಯನ್ನು ಮುಟ್ಟುವುದಿಲ್ಲ, ಶಾಖ ಮಾತ್ರ ಮುಟ್ಟುತ್ತದೆ. ಮೈಬಾಖನ ಪೆಟ್ಟಿಗೆಯಲ್ಲಿಯೂ ನೀರು ಗಾಳಿಯನ್ನು ಮುಟ್ಟುವುದಿಲ್ಲ. ತಗಡಿನ ಮೂಲಕ ತನ್ನ ಶಾಖವನ್ನು ಅದಕ್ಕೆ ಒಪ್ಪಿಸಿ ಮತ್ತೆ ಎಂಜಿನ್ನಿಗೆ ಮರಳುತ್ತದೆ. ಮೊದಲು 18 ಲೀಟರ್ ಬೇಕಾಗಿದ್ದ ಕಡೆ 9 ಲೀಟರ್ ಸಾಕಾಯಿತು. ನೀರಿನ ಹೊರೆ ಇಳಿದುದರಿಂದ ಗಾಡಿ ಹಗುರವಾಯಿತು. ಶಕ್ತಿಯ ಎಂಜಿನ್ನನ್ನು ಹೆದರಿಕೆಯಿಲ್ಲದೆ ದೂರ ಓಡಿಸುವುದು ಸಾಧ್ಯವಾಯಿತು.

ಈ ಜೇನುಗೂಡಿನ ವಂಶದ ರೇಡಿಯೇಟರ್ ಒಂದನ್ನು ನಾನು ಹತ್ತಿರದಿಂದ ನೋಡಿದ್ದು ಪಿರಿಯಾಪಟ್ಟಣದ ಬಳಿ ನಮ್ಮ ಸೋದರಮಾವನವರ ಮನೆಯಲ್ಲಿ. ಅವರಲ್ಲಿ 1930ರ ದಶಕದ ನಾಲ್ಕು ಸಿಲಿಂಡರಿನ ಒಂದು ಇಂಗ್ಲಿಷ್ ಕಾರು ಇದೆ. ಹೆಗ್ಗಡದೇವನಕೋಟೆಯ ಕಡೆ ಒಂದು ಮದುವೆಗೆ ಹೋಗಿಬರುವಷ್ಟರಲ್ಲಿ ಅದು ಮೂರು ಸಲ ನೀರು ಕೇಳಿತು. ನೆಲದ ಮೇಲೆ ಒಂದು ಹನಿ ಬಿದ್ದಿರಲಿಲ್ಲ. ಕೃಷ್ಣರಾಜನಗರದಲ್ಲಿ ತೋರಿಸಿದಾಗ, ರೇಡಿಯೇಟರ್ ಹಳೆಯದಾಯಿತು, ಕಿತ್ತುಹಾಕಿ ಹೊಸದನ್ನು ಮಾಡಿಸಿ ಎಂದರು. ಮಾವನವರು ಒಪ್ಪಿಯೂ ಬಿಟ್ಟಿದ್ದರು. ಹುಣಸೂರಿನ ವಯಸ್ಸಾದ ಮೆಕ್ಯಾನಿಕರೊಬ್ಬರು ಮಾತ್ರ ನೋಡದೆ ಏನನ್ನೂ ಕಳಚಬಾರದೆಂದು ತಡೆದರು.

ಅವರು ಮೊದಲು ರಾತ್ರಿ ಗಾಡಿಯ ಕೆಳಗೆ ಹಳೆಯ ಪತ್ರಿಕೆಗಳನ್ನು ಹಾಸಿದರು; ಬೆಳಗ್ಗೆ ಕಾಗದ ಒಣಗಿಯೇ ಇತ್ತು. ಪೈಪಿನ ಕೊನೆಗಳಲ್ಲಿ, ಪಂಪಿನ ಬಳಿಯಲ್ಲಿ, ಜೇನುಗೂಡಿನ ಮುಖದಲ್ಲಿ ತುಕ್ಕಿನ ಕಲೆಯನ್ನು ಹುಡುಕಿದರು; ಬಿಸಿಯಾದಾಗ ಮಾತ್ರ ಸೋರುವ ನೀರು ಕೆಳಗೆ ಬೀಳುವ ಮೊದಲೇ ಆರಿಹೋಗಿ ಕಲೆಯನ್ನಷ್ಟೇ ಬಿಟ್ಟಿರುತ್ತದೆ. ಅದೂ ಇರಲಿಲ್ಲ. ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು ನೋಡಿದರು. ಎಣ್ಣೆಗೆ ನೀರು ಸೇರಿದ್ದರೆ ಮಜ್ಜಿಗೆಯಂತೆ ಬೆಳ್ಳಗಾಗಬೇಕಿತ್ತು, ಆಗಿರಲಿಲ್ಲ. ಬಳಿಕ ತಣ್ಣಗಿದ್ದ ಎಂಜಿನ್ನಿನ ಬೆಲ್ಟನ್ನು ತೆಗೆದು, ರೇಡಿಯೇಟರಿನ ಮುಚ್ಚಳವನ್ನು ತೆರೆದು ಒಂದು ನಿಮಿಷ ಓಡಿಸಿದರು. ಪಂಪು ತಿರುಗದಿದ್ದರೂ ನೀರಿನಲ್ಲಿ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತಿದ್ದವು. ಕೊನೆಗೆ ನಾಲ್ಕು ಪ್ಲಗ್ಗುಗಳನ್ನು ಬಿಚ್ಚಿ ಸಾಲಾಗಿ ಇಟ್ಟರು. ಮೂರು ಕಂದು ಬಣ್ಣದವು. ಒಂದು ತೊಳೆದಿಟ್ಟಂತೆ ಬಿಳುಪು.

ಹೆಡ್ಡಿನ ಕೆಳಗಿನ ಗ್ಯಾಸ್ಕೆಟ್ಟು ಒಂದು ಸಿಲಿಂಡರಿಗೂ ಪಕ್ಕದ ನೀರಿನ ರಂಧ್ರಕ್ಕೂ ನಡುವೆ ಸುಟ್ಟುಹೋಗಿತ್ತು. ಉರಿಯುವಾಗ ಅನಿಲವು ಆ ದಾರಿಯಿಂದ ನೀರಿಗೆ ನುಗ್ಗಿ ಅದನ್ನು ಮೇಲಿನ ಕೊಳವೆಯಿಂದ ಹೊರಕ್ಕೆ ತಳ್ಳುತ್ತಿತ್ತು. ಒಳಗೆಳೆಯುವಾಗ ನೀರು ಸಿಲಿಂಡರಿಗೆ ಬಂದು ಆವಿಯಾಗಿ ಸೈಲೆನ್ಸರಿನಿಂದ ಹೋಗುತ್ತಿತ್ತು. ಹೆಡ್ಡನ್ನು ಸಮತಟ್ಟು ಮಾಡಿಸಿ ಹೊಸ ಗ್ಯಾಸ್ಕೆಟ್ ಹಾಕಿ, ನಟ್ಟುಗಳನ್ನು ನಡುವಿನಿಂದ ಅಂಚಿನ ಕಡೆಗೆ ಕ್ರಮವಾಗಿ ಬಿಗಿದರು. ಜೇನುಗೂಡಿನದೇನೂ ತಪ್ಪಿರಲಿಲ್ಲ. ಇನ್ನೊಂದು ಮಾತನ್ನೂ ಅವರು ಮಾವನವರಿಗೆ ತಿಳಿಸಿದರು: ಇಂಥ ಹಳೆಯ ಗಾಡಿಗೆ ಬಾಯಿಮಟ್ಟ ನೀರು ತುಂಬಬಾರದು. ಬಿಸಿಯಾಗಿ ಹಿಗ್ಗಿದ ನೀರು ತನಗೆ ಬೇಕಾದಷ್ಟು ಜಾಗವನ್ನು ಮಾಡಿಕೊಂಡು ಉಳಿದುದನ್ನು ಚೆಲ್ಲಿಯೇ ಚೆಲ್ಲುತ್ತದೆ. ಅದನ್ನು ಸೋರಿಕೆಯೆಂದು ಭಾವಿಸಿ ಪ್ರತಿದಿನ ತುಂಬುತ್ತಿರುವವರು ಎಷ್ಟು ಮಂದಿಯೋ!

ಮೈಬಾಖನ ಪೆಟ್ಟಿಗೆಯನ್ನು ಹೊತ್ತ ಮೊದಲ ಗಾಡಿ 35 ಅಶ್ವಶಕ್ತಿಯದು. ನೀಸ್ ಪಟ್ಟಣದಲ್ಲಿದ್ದ ಎಮಿಲ್ ಯೆಲಿನೆಕ್ ಎಂಬ ವ್ಯಾಪಾರಿಯು 36 ಗಾಡಿಗಳನ್ನು ಒಮ್ಮೆಗೇ ಕೊಳ್ಳುವುದಾಗಿ ಹೇಳಿ, ಅದಕ್ಕೆ ತನ್ನ ಮಗಳು ಮರ್ಸಿಡಿಸಳ ಹೆಸರನ್ನಿಡಬೇಕೆಂದು ಕೇಳಿದನು. 1901ರ ಮಾರ್ಚಿನಲ್ಲಿ ನೀಸಿನ ಪಂದ್ಯಗಳಲ್ಲಿ ಅದು ಉಳಿದೆಲ್ಲ ಗಾಡಿಗಳನ್ನೂ ಹಿಂದೆ ಹಾಕಿತು. ಫ್ರೆಂಚರು ಮೈಬಾಖನನ್ನು ವಿನ್ಯಾಸಕಾರರ ರಾಜನೆಂದು ಕೊಂಡಾಡಿದರು. ಆದರೂ ನಕ್ಷೆಯನ್ನು ಬರೆದವನ ಹೆಸರು ಗಾಡಿಯ ಮೇಲೆ ಬರಲಿಲ್ಲ. ಹಣ ಕೊಟ್ಟವನ ಮಗಳ ಹೆಸರು ಲೋಕವಿಖ್ಯಾತವಾಯಿತು. ನನಗಂತೂ ಇದು ನ್ಯಾಯವೆಂದು ತೋರುವುದಿಲ್ಲ.

ಅವನನ್ನು ಬೆಳೆಸಿದ ಡೈಮ್ಲರನು ಆ ಜಯವನ್ನು ನೋಡಲು ಉಳಿದಿರಲಿಲ್ಲ. 1900ರ ಮಾರ್ಚ್ 6ರಂದೇ ತೀರಿಕೊಂಡಿದ್ದನು. ಆಸರೆ ಹೋದಮೇಲೆ ಕಂಪೆನಿಯಲ್ಲಿ ಮೈಬಾಖನ ಮಾತಿಗೆ ಬೆಲೆ ಕಡಿಮೆಯಾಗುತ್ತ ಬಂದಿತು. 1907ರಲ್ಲಿ, ಅರವತ್ತೊಂದನೆಯ ವಯಸ್ಸಿನಲ್ಲಿ, ಆತನು ಅದನ್ನು ಬಿಟ್ಟನು. ಬಿಟ್ಟವನು ಸುಮ್ಮನೆ ಕುಳಿತುಕೊಳ್ಳಲಿಲ್ಲ: 1909ರಲ್ಲಿ ಜೆಪ್ಪೆಲಿನ್ನನ ವಾಯುನೌಕೆಗಳಿಗೆ ಎಂಜಿನ್ ಮಾಡುವ ಕಾರ್ಖಾನೆಯೊಂದನ್ನು ಮಗ ಕಾರ್ಲನೊಡನೆ ಕಟ್ಟಲು ನೆರವಾದನು. 1916ರಲ್ಲಿ ಸ್ಟುಟ್‌ಗಾರ್ಟಿನ ತಾಂತ್ರಿಕ ವಿದ್ಯಾಲಯವು ಈ ಅನಾಥಾಶ್ರಮದ ಹುಡುಗನಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಮೈಬಾಖ್ ಎಂಬ ಹೆಸರು ಕಾರಿನ ಮೇಲೆ ಬಂದದ್ದು 1921ರಲ್ಲಿ, ಮಗನ ಕಾರ್ಖಾನೆಯ ಗಾಡಿಯ ಮೇಲೆ. ತಂದೆ ಅದನ್ನು ಕಣ್ಣಾರೆ ಕಂಡನು. 1929ರ ಡಿಸೆಂಬರ್ 29ರಂದು ಅವನು ತೀರಿಕೊಂಡಾಗ, ಕಾನ್‌ಸ್ಟಾಟಿನ ಸ್ಮಶಾನದಲ್ಲಿ ಡೈಮ್ಲರನ ಸಮಾಧಿಗೆ ಸಮೀಪದಲ್ಲಿ ಅವನನ್ನು ಮಣ್ಣುಮಾಡಿದರು.