ಕಲ್ಲಹಳ್ಳಿಯ ಅರಸು ಮತ್ತು ನಮ್ಮ ಪೌರನೀತಿ ಪಾಠ

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಗೆಳೆಯರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಒಂಬತ್ತನೇ ತರಗತಿಯ ಪೌರನೀತಿ ಪಾಠ. ಕೇಂದ್ರ, ರಾಜ್ಯ, ನ್ಯಾಯಾಂಗ ಎಂದು ಉರು ಹೊಡೆದು ಅಂಕ ಪಡೆದೆನೇ ಹೊರತು ಏನೂ ಅರ್ಥವಾಗಿರಲಿಲ್ಲ. ಅರ್ಥವಾದದ್ದು ನಮ್ಮ ಹುಣಸೂರು ತಾಲ್ಲೂಕಿನವರೇ ಆದ ಡಿ. ದೇವರಾಜ ಅರಸು ಅವರ ಜೀವನವನ್ನು ಓದಿದ ಮೇಲೆ.

1915ರ ಆಗಸ್ಟ್ 20ರಂದು ಹುಟ್ಟಿದ ಅರಸು ಅವರ ಊರು ಕಲ್ಲಹಳ್ಳಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿ, ಊರಿಗೆ ಮರಳಿ ಬೇಸಾಯಕ್ಕಿಳಿದರು. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ, 1952ರ ಮೊದಲ ಮಹಾಚುನಾವಣೆಯಲ್ಲಿ ಹುಣಸೂರಿನಿಂದ ವಿಧಾನಸಭೆಗೆ ಆಯ್ಕೆಯಾದರು. 1972ರ ಮಾರ್ಚ್ 20ರಂದು ಮುಖ್ಯಮಂತ್ರಿಯಾದರು. ಮರುವರ್ಷ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಹಾವನೂರು ಆಯೋಗ ರಚಿಸಿ ಹಿಂದುಳಿದವರಿಗೆ ಮೀಸಲಾತಿಯ ದಾರಿ ತೆರೆದವರೂ ಅವರೇ.

ಭೂಸುಧಾರಣೆ ನಮ್ಮ ಮನೆಗೇ ಬಂದ ಕಾನೂನು. 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರ್ಕಾರದ್ದಾಯಿತು. ಗೇಣಿದಾರ ಏಳನೇ ನಮೂನೆಯಲ್ಲಿ ಅರ್ಜಿ ಹಾಕಬೇಕಿತ್ತು. ಭೂ ನ್ಯಾಯಮಂಡಳಿಯ ಮುಂದೆ ವಕೀಲರಿಗೆ ಪ್ರವೇಶವಿರಲಿಲ್ಲ. ಓದು ಬಾರದ ನಮ್ಮ ತಾತ ತಾವೇ ನಿಂತು ಮಾತಾಡಿ ಎರಡು ಎಕರೆ ಪಡೆದರು. ಜಮೀನಿನ ಒಡೆಯರು ಹೈಕೋರ್ಟಿಗೆ ಹೋದರು. ವಿಚಾರಣೆ ಸರಿಯಾಗಿಲ್ಲವೆಂದು ಪ್ರಕರಣ ವಾಪಸ್ ಬಂತು. ಎರಡನೇ ಸಲ ಜಮೀನು ಖಾಯಂ ಆಗುವ ಹೊತ್ತಿಗೆ ತಾತನ ತಲೆ ನರೆತಿತ್ತು. ಕೋರ್ಟು ಬಡವರಿಗೆ ಅಡ್ಡ ಬಂತೆಂದು ಮನೆಯಲ್ಲಿ ಬಹಳ ವರ್ಷ ಬೈದಾಡುತ್ತಿದ್ದರು.

ಆದರೆ ಅದೇ ಸಂವಿಧಾನದ ಬಾಗಿಲನ್ನು ಅರಸು ಅವರೂ ತಟ್ಟಬೇಕಾಯಿತು. 1977ರಲ್ಲಿ ದೆಹಲಿಯ ಜನತಾ ಸರ್ಕಾರ ಅವರ ಮೇಲಿನ ಆರೋಪಗಳ ತನಿಖೆಗೆ ಗ್ರೋವರ್ ಆಯೋಗ ನೇಮಿಸಿತು. ರಾಜ್ಯದ ಮಂತ್ರಿಗಳನ್ನು ಕೇಂದ್ರ ಹೀಗೆ ವಿಚಾರಿಸಬಹುದೇ ಎಂದು ಕರ್ನಾಟಕ ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡಿತು. ಏಳು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ಅದನ್ನು ವಜಾ ಮಾಡಿತು. ಕೆಲವು ಆರೋಪಗಳಲ್ಲಿ ಹುರುಳಿದೆಯೆಂದು ಆಯೋಗ ಹೇಳಿತು. ಅಭಿಮಾನಿಗಳಾದ ನಾವು ಇದನ್ನು ಮುಚ್ಚಿಡಬಾರದು. ಡಿಸೆಂಬರ್ 31ರಂದು ರಾಷ್ಟ್ರಪತಿ ಆಳ್ವಿಕೆ ಬಂತು. ಎರಡೇ ತಿಂಗಳಲ್ಲಿ ಚುನಾವಣೆ ಗೆದ್ದು ಅರಸು ಮತ್ತೆ ಮುಖ್ಯಮಂತ್ರಿಯಾದರು.

ಕಂಪನಿ ಕೆಲಸದ ಮೇಲೆ ಅಮೆರಿಕದಲ್ಲಿದ್ದಾಗ ಅಲ್ಲಿನ ಸಹೋದ್ಯೋಗಿಗೆ ಇದನ್ನು ಹೇಳಿದೆ. ಅವರಿಗೆ ನಂಬಲಾಗಲಿಲ್ಲ. ಅಲ್ಲಿ ಪ್ರತಿ ರಾಜ್ಯಕ್ಕೂ ಅದರದೇ ಸಂವಿಧಾನವಿದೆ, ಗವರ್ನರನನ್ನು ಜನರೇ ಆರಿಸುತ್ತಾರೆ, ಅಧ್ಯಕ್ಷರು ಅವರನ್ನು ತೆಗೆಯಲಾರರು. ನಮ್ಮಲ್ಲಿ 356ನೇ ವಿಧಿಗೆ ಕೋರ್ಟು ಗಟ್ಟಿ ಕಡಿವಾಣ ಹಾಕಿದ್ದು 1994ರಲ್ಲಿ; ಆ ಮೊಕದ್ದಮೆಯೂ ಕನ್ನಡಿಗ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಅವರದೇ.

ಅಂದು ನನಗೆ ತಾತನ ಕೇಸು ಬೇರೆಯಾಗಿ ಕಂಡಿತು. ಒಳ್ಳೆಯದು ಮಾಡುವ ಸರ್ಕಾರವೂ ಎದುರಾಳಿಯ ಮಾತು ಕೇಳಲೇಬೇಕು. ಆ ಒಡೆಯರಿಗಿದ್ದ ಹಕ್ಕು ನಾಳೆ ನಮಗೂ ಬೇಕಾದೀತು.

ಅರಸು ಅವರು 1982ರ ಜೂನ್ 6ರಂದು ತೀರಿಕೊಂಡರು. ಆ ಎರಡು ಎಕರೆಯ ಹೊಗೆಸೊಪ್ಪಿನ ಹಣದಲ್ಲೇ ನಾನು ಬಿ.ಇ. ಓದಿದೆ. ಈಗಿನ ಮಕ್ಕಳು ಪೌರನೀತಿಯನ್ನು ಉರು ಹೊಡೆಯದೆ, ತಮ್ಮ ಮನೆಯ ಪಹಣಿಯನ್ನು ಒಮ್ಮೆ ತೆಗೆಸಿ ನೋಡಲಿ ಎಂದು ಕೋರುತ್ತೇನೆ.