ಬಡತನದ ಲೆಕ್ಕ ಬರೆದ ದಾದಾಭಾಯಿ ನವರೋಜಿ

ಸರಾಸರಿ ಎಂಬ ಗಣಿತದ ಪಾಠವನ್ನು ನಾವೆಲ್ಲರೂ ಶಾಲೆಯಲ್ಲಿ ಕಲಿಯುತ್ತೇವೆ. ಕೂಡಿಸುತ್ತೇವೆ, ಭಾಗಿಸುತ್ತೇವೆ, ಉತ್ತರ ಬರೆಯುತ್ತೇವೆ; ಪರೀಕ್ಷೆ ಮುಗಿದ ಮೇಲೆ ಮರೆತುಬಿಡುತ್ತೇವೆ. ಆದರೆ ಇದೇ ಕೂಡಿಸಿ ಭಾಗಿಸುವ ಲೆಕ್ಕದಿಂದ ಒಂದು ದೊಡ್ಡ ಸಾಮ್ರಾಜ್ಯದ ಸರ್ಕಾರವನ್ನೇ ಪ್ರಶ್ನೆಗೆ ಒಡ್ಡಿದ ಮಹನೀಯರೊಬ್ಬರು ನಮ್ಮ ದೇಶದಲ್ಲಿ ಇದ್ದರು. ಅವರೇ ದಾದಾಭಾಯಿ ನವರೋಜಿ. 2025ಕ್ಕೆ ಅವರು ಹುಟ್ಟಿ ಇನ್ನೂರು ವರ್ಷ ತುಂಬಿತು. ಇತಿಹಾಸದ ಪಾಠದಲ್ಲಿ ಅವರ ಹೆಸರನ್ನು ಕಾಂಗ್ರೆಸ್ಸಿನ ಅಧ್ಯಕ್ಷರ ಸಾಲಿನಲ್ಲಿ ಓದಿ ಮುಂದೆ ಹೋಗುತ್ತೇವೆ. ಅವರು ಮಾಡಿದ ಲೆಕ್ಕ ಯಾವುದು, ಅದನ್ನು ಏಕೆ ಮಾಡಿದರು ಎಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ತಿಳಿಯೋಣ.

ತಾಯಿಯ ಮಗ

ದಾದಾಭಾಯಿಯವರು 1825ನೆಯ ಸೆಪ್ಟೆಂಬರ್ 4ರಂದು ಪಾರ್ಸಿ ಪುರೋಹಿತ ಮನೆತನದಲ್ಲಿ ಜನಿಸಿದರು. ಮನೆತನದ ಮೂಲ ಊರು ಗುಜರಾತಿನ ನವಸಾರಿ. ಅವರು ಬೆಳೆದದ್ದು ಮುಂಬಯಿಯಲ್ಲಿ. ನಾಲ್ಕು ವರ್ಷದವರಿದ್ದಾಗಲೇ ತಂದೆ ತೀರಿಕೊಂಡರು. ತಾಯಿ ಮಾಣಿಕ್‌ಬಾಯಿ ಓದು ಬರಹ ಬಲ್ಲವರಲ್ಲ. ಕೈಯಲ್ಲಿ ಹಣವೂ ಇರಲಿಲ್ಲ. ಆದರೂ ಆ ತಾಯಿ ಮಗನ ವಿದ್ಯೆಗೆ ಎಳ್ಳಷ್ಟೂ ಕೊರತೆ ಬಾರದಂತೆ ನೋಡಿಕೊಂಡರು. ತಾವು ಏನಾಗಿದ್ದರೂ ಅದು ತಾಯಿಯಿಂದಲೇ ಎಂದು ದಾದಾಭಾಯಿಯವರು ಮುಪ್ಪಿನಲ್ಲಿಯೂ ನೆನೆಯುತ್ತಿದ್ದರು.

ಅವರು ಕಲಿತದ್ದು ಶುಲ್ಕವಿಲ್ಲದ ಶಾಲೆಯಲ್ಲಿ. ಶುಲ್ಕವಿದ್ದಿದ್ದರೆ ತಮ್ಮ ಓದು ಅಲ್ಲಿಗೇ ನಿಲ್ಲುತ್ತಿತ್ತೆಂದು ಅವರಿಗೆ ಗೊತ್ತಿತ್ತು. ಹಾಗಾದರೆ ತಮ್ಮ ವಿದ್ಯೆಗೆ ಹಣ ಕೊಟ್ಟವರು ಯಾರು? ಈ ದೇಶದ ಬಡವರೇ ಅಲ್ಲವೇ? ಅವರ ಋಣವನ್ನು ದುಡಿದು ತೀರಿಸಬೇಕೆಂಬ ಭಾವನೆ ಎಳೆಯ ವಯಸ್ಸಿನಲ್ಲಿಯೇ ಅವರ ಮನಸ್ಸಿನಲ್ಲಿ ಬೇರೂರಿತು. ಮುಂದಿನ ಎಪ್ಪತ್ತು ವರ್ಷಗಳ ಅವರ ದುಡಿಮೆಗೆ ಇದೇ ಬೀಜವೆಂದು ನಾವು ತಿಳಿಯಬಹುದು.

ಎಲ್ಫಿನ್‌ಸ್ಟನ್ ಸಂಸ್ಥೆಯಲ್ಲಿ ಓದಿ, ಅಲ್ಲಿಯೇ ಉಪಾಧ್ಯಾಯರಾಗಿ, 1855ರ ಹೊತ್ತಿಗೆ ಗಣಿತ ಮತ್ತು ಭೌತವಿಜ್ಞಾನದ ಪ್ರಾಧ್ಯಾಪಕರಾದರು. ಆ ಕಾಲೇಜಿನಲ್ಲಿ ಅಂಥ ಹುದ್ದೆಗೆ ಏರಿದ ಭಾರತೀಯರಲ್ಲಿ ಅವರೇ ಮೊದಲಿಗರು. ಇದಕ್ಕೂ ಮೊದಲೇ, 1849ರಲ್ಲಿ, ಅವರೂ ಅವರ ಗೆಳೆಯರೂ ಸೇರಿ ಮುಂಬಯಿಯಲ್ಲಿ ಹೆಣ್ಣುಮಕ್ಕಳಿಗಾಗಿ ಶಾಲೆಗಳನ್ನು ತೆರೆದಿದ್ದರು. ಸಂಬಳವಿಲ್ಲದೆ ಪಾಠ ಹೇಳಿದರು. ಹುಡುಗಿಯರು ಓದಿದರೆ ಮನೆ ಕೆಡುತ್ತದೆ ಎನ್ನುವವರು ಆಗ ಬಹಳ ಮಂದಿ. ಓದು ಬಾರದ ತಾಯಿಯೇ ಈ ಕೆಲಸದಲ್ಲಿ ಮಗನ ಬೆನ್ನಿಗೆ ನಿಂತರೆಂಬುದು ಗಮನಿಸತಕ್ಕ ಮಾತು. 1851ರಲ್ಲಿ ಅವರು ರಾಸ್ತ್ ಗೊಫ್ತಾರ್ ಎಂಬ ಗುಜರಾತಿ ಪತ್ರಿಕೆಯನ್ನೂ ಆರಂಭಿಸಿದರು. ಸತ್ಯವನ್ನು ನುಡಿಯುವವನು ಎಂಬುದು ಆ ಹೆಸರಿನ ಅರ್ಥ.

ಇಂಗ್ಲೆಂಡಿಗೆ ಪ್ರಯಾಣ

1855ರಲ್ಲಿ ದಾದಾಭಾಯಿಯವರು ಪ್ರಾಧ್ಯಾಪಕ ಹುದ್ದೆ ಬಿಟ್ಟು, ಕಾಮಾ ಕಂಪನಿಯ ಪಾಲುದಾರರಾಗಿ ಇಂಗ್ಲೆಂಡಿಗೆ ಹೊರಟರು. ಭಾರತೀಯರೇ ಅಲ್ಲಿ ತೆರೆದ ಮೊದಲ ವ್ಯಾಪಾರಿ ಸಂಸ್ಥೆ ಅದು. ಆದರೆ ಅಫೀಮು ಮತ್ತು ಮದ್ಯದ ವ್ಯಾಪಾರದಿಂದ ಬರುವ ಲಾಭ ಅವರಿಗೆ ಒಗ್ಗಲಿಲ್ಲ. ಕೆಲವೇ ವರ್ಷಗಳಲ್ಲಿ ಅದರಿಂದ ಹೊರಬಂದು, 1859ರಲ್ಲಿ ಸ್ವಂತವಾಗಿ ಹತ್ತಿಯ ವ್ಯಾಪಾರ ಹೂಡಿದರು. ಜೊತೆಗೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಗುಜರಾತಿ ಭಾಷೆಯ ಪ್ರಾಧ್ಯಾಪಕರಾಗಿದ್ದರು.

ವ್ಯಾಪಾರಿಯಾದವನಿಗೆ ಜಮಾ ಖರ್ಚಿನ ಪುಸ್ತಕ ಓದಲು ಬರಬೇಕು. ದಾದಾಭಾಯಿಯವರು ದೇಶದ ಜಮಾ ಖರ್ಚನ್ನೂ ಅದೇ ಕಣ್ಣಿನಿಂದ ನೋಡತೊಡಗಿದರು. ವ್ಯಾಪಾರದ ನಿಯಮದಂತೆ, ಒಬ್ಬನು ನೂರು ರೂಪಾಯಿಯ ಸರಕು ಹೊರಗೆ ಕಳಿಸಿದರೆ ಅವನಿಗೆ ನೂರು ರೂಪಾಯಿಯೂ ಮೇಲೆ ಒಂದಿಷ್ಟು ಲಾಭವೂ ಮರಳಿ ಬರಬೇಕು. ಭಾರತದಿಂದ ಹೋಗುತ್ತಿದ್ದ ಹತ್ತಿ, ಧಾನ್ಯ, ಸೆಣಬು, ಅಫೀಮಿನ ಬೆಲೆಯೇ ದೊಡ್ಡದು. ಮರಳಿ ಬರುತ್ತಿದ್ದ ಸರಕು ಮತ್ತು ಬೆಳ್ಳಿಯ ಬೆಲೆ ಚಿಕ್ಕದು. ಉಳಿದದ್ದು ಎಲ್ಲಿ ಹೋಯಿತು? ಇಂಗ್ಲಿಷ್ ಅಧಿಕಾರಿಗಳು ಊರಿಗೆ ಕಳಿಸುತ್ತಿದ್ದ ಸಂಬಳದ ಉಳಿತಾಯ, ನಿವೃತ್ತರಾಗಿ ಹೋದವರ ಪಿಂಚಣಿ, ಲಂಡನ್ನಿನ ಭಾರತ ಕಚೇರಿಯ ವೆಚ್ಚ, ಸಾಲಗಳ ಮತ್ತು ರೈಲ್ವೆಗಳ ಬಡ್ಡಿ, ಗಡಿಯಾಚೆಯ ಯುದ್ಧಗಳ ಖರ್ಚು: ಇವೆಲ್ಲ ಭಾರತದ ಕಂದಾಯದಿಂದಲೇ ಹೋಗುತ್ತಿದ್ದವು. ಇಲ್ಲಿ ಎತ್ತಿದ ಕಂದಾಯದ ಸುಮಾರು ಕಾಲು ಭಾಗ ದೇಶದ ಹೊರಗೆ ಹೋಗುತ್ತದೆಂದು 1867ರಲ್ಲಿ ಲಂಡನ್ನಿನ ಸಭೆಯೊಂದರಲ್ಲಿ ಅವರು ತೋರಿಸಿಕೊಟ್ಟರು. ಇದನ್ನೇ ನಾವು ಪಾಠದಲ್ಲಿ ಸಂಪತ್ತಿನ ಸೋರಿಕೆ ಎಂದು ಓದುತ್ತೇವೆ. ಹಿಂದಿನ ರಾಜರೂ ಕಂದಾಯ ಎತ್ತುತ್ತಿದ್ದರು. ಆದರೆ ಅವರು ಖರ್ಚು ಮಾಡಿದ್ದು ಇಲ್ಲಿಯೇ. ಕೆರೆಯ ನೀರು ಕೆರೆಯ ಕೆಳಗಿನ ಹೊಲಕ್ಕೇ ಹೋಗುತ್ತಿತ್ತು. ಈಗ ಏರಿಗೇ ಬಿರುಕು ಬಿದ್ದಿತ್ತು.

ತಲೆಗೆ ಇಪ್ಪತ್ತು ರೂಪಾಯಿ

ಇನ್ನು ಅವರ ದೊಡ್ಡ ಲೆಕ್ಕಕ್ಕೆ ಬರೋಣ. ಬ್ರಿಟಿಷರ ಆಳ್ವಿಕೆಯಲ್ಲಿ ಭಾರತ ಸಮೃದ್ಧವಾಗುತ್ತಿದೆ ಎಂದು ಅಧಿಕಾರಿಗಳು ಸಾರುತ್ತಿದ್ದರು. ಸಮೃದ್ಧಿಯಾದರೆ ಒಬ್ಬೊಬ್ಬನ ಪಾಲಿಗೆ ವರ್ಷಕ್ಕೆ ಎಷ್ಟು ಬರುತ್ತದೆ? ಈ ಸರಳ ಪ್ರಶ್ನೆಗೆ ಯಾರ ಬಳಿಯೂ ಉತ್ತರವಿರಲಿಲ್ಲ. ದಾದಾಭಾಯಿಯವರು ಸರ್ಕಾರದವರೇ ಅಚ್ಚು ಹಾಕಿಸಿದ ಆಡಳಿತ ವರದಿಗಳನ್ನು ತರಿಸಿಕೊಂಡು ಕುಳಿತರು.

ಮೊದಲ ನೋಟಕ್ಕೇ ಒಂದು ತಪ್ಪು ಸಿಕ್ಕಿತು. ವಿದ್ಯಾರ್ಥಿ ಮಿತ್ರರು ಇದನ್ನು ಪಾಟಿಯ ಮೇಲೆ ಮಾಡಿ ನೋಡಬಹುದು. ಒಂದು ಜಿಲ್ಲೆಯಲ್ಲಿ ನೂರು ಚೀಲ ಜೋಳ ಬೆಳೆದಿದೆ, ಚೀಲಕ್ಕೆ ಎರಡು ರೂಪಾಯಿ. ಇನ್ನೊಂದರಲ್ಲಿ ಹತ್ತೇ ಚೀಲ, ಚೀಲಕ್ಕೆ ನಾಲ್ಕು ರೂಪಾಯಿ. ಎರಡು ಮತ್ತು ನಾಲ್ಕನ್ನು ಕೂಡಿಸಿ ಎರಡರಿಂದ ಭಾಗಿಸಿ, ಸರಾಸರಿ ದರ ಮೂರು ರೂಪಾಯಿ ಎಂದರೆ ಬೆಳೆಯ ಬೆಲೆ 330 ರೂಪಾಯಿ ಆಗುತ್ತದೆ. ನಿಜವಾಗಿ ಅದು 240 ರೂಪಾಯಿ ಮಾತ್ರ. ಸರಾಸರಿ ದರ ಸುಮಾರು ಎರಡು ರೂಪಾಯಿ ಮೂರಾಣೆ. ಸರ್ಕಾರದ ವರದಿಗಳು ಬೆಳೆಯ ಪ್ರಮಾಣವನ್ನು ನೋಡದೆ ಈ ಬಗೆಯ ಸರಾಸರಿಯನ್ನೇ ಕೊಡುತ್ತಿದ್ದವು. ಹೀಗಾದರೆ ಸರಿಯಾದ ಉತ್ತರ ಬರುವುದು ಹೇಗೆ? ಗಣಿತದ ಮಾಸ್ತರರ ಕಣ್ಣು ತಪ್ಪಿಸಲು ಆಗಲಿಲ್ಲ.

ಅವರು ಪ್ರಾಂತ ಪ್ರಾಂತದ ಸಾಗುವಳಿಯ ಎಕರೆ, ಎಕರೆಯ ಇಳುವರಿ, ಧಾರಣೆ ಇವನ್ನು ಬಿಡಿಬಿಡಿಯಾಗಿ ತೆಗೆದುಕೊಂಡು ಗುಣಿಸಿದರು. ಬೀಜಕ್ಕೆ ಬೇಕಾದದ್ದನ್ನು ಕಳೆದರು. ಉಪ್ಪು, ಕಲ್ಲಿದ್ದಲು, ಹಾಲು, ಮೀನು, ಕೈಗಾರಿಕೆ ಎಲ್ಲವನ್ನೂ ಸೇರಿಸಿದರು. ಬಿಟ್ಟುಹೋದದ್ದೇನಾದರೂ ಇದ್ದೀತೆಂದು ಮೇಲೆ ಮೂರು ಕೋಟಿ ಪೌಂಡನ್ನೂ ಧಾರಾಳವಾಗಿ ಕೂಡಿಸಿದರು. ಮೊತ್ತ 34 ಕೋಟಿ ಪೌಂಡು. ಜನಸಂಖ್ಯೆ 17 ಕೋಟಿ. ತಲೆಗೆ ಎರಡು ಪೌಂಡು, ಅಂದರೆ ಆಗಿನ 20 ರೂಪಾಯಿ. ಇದು ಇಡೀ ವರ್ಷದ್ದು.

ಇಪ್ಪತ್ತು ರೂಪಾಯಿ ಹೆಚ್ಚೋ ಕಡಿಮೆಯೋ? ಆ ಕಾಲದಲ್ಲಿ ಧಾರಣೆ ಅಗ್ಗವಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಅದಕ್ಕೂ ಅವರು ಸರ್ಕಾರದ ಪುಸ್ತಕದಲ್ಲಿಯೇ ಅಳತೆಗೋಲು ಹುಡುಕಿದರು. ಅದು ಸೆರೆಮನೆಯ ಖರ್ಚಿನ ಪಟ್ಟಿ. ಮುಂಬಯಿ ಇಲಾಖೆಯಲ್ಲಿ ತಲೆಗೆ ಬರುತ್ತಿದ್ದ ಉತ್ಪತ್ತಿ ಸುಮಾರು 22 ರೂಪಾಯಿ. ಅಲ್ಲಿ ಒಬ್ಬ ಕೈದಿಯ ಊಟ ಬಟ್ಟೆಗೆ ಸರ್ಕಾರ ಮಾಡುತ್ತಿದ್ದ ಖರ್ಚು ಸುಮಾರು 47 ರೂಪಾಯಿ. ಮದ್ರಾಸು ಇಲಾಖೆಯಲ್ಲಿ ಉತ್ಪತ್ತಿ ಸುಮಾರು 18, ಕೈದಿಯ ಖರ್ಚು ಸುಮಾರು 53. ಕಳವು ಮಾಡಿ ಒಳಗೆ ಹೋದವನಿಗೆ ಸಿಗುವಷ್ಟೂ ಹೊಲದಲ್ಲಿ ಬೆವರು ಸುರಿಸುವ ಪ್ರಾಮಾಣಿಕನಿಗೆ ಸಿಗುವುದಿಲ್ಲವೆಂದರೆ ಇದು ಎಂಥ ಸಮೃದ್ಧಿ? ಅದೂ ಸರಾಸರಿಯ ಮಾತು. ಸಿರಿವಂತರ ದೊಡ್ಡ ಪಾಲನ್ನು ತೆಗೆದರೆ ಬಡವನಿಗೆ ಉಳಿಯುವುದು ಇನ್ನೂ ಕಡಿಮೆ.

ಈ ಲೆಕ್ಕವನ್ನು ವಿವರವಾಗಿ ಅವರು ಮುಂಬಯಿಯ ಸಭೆಯಲ್ಲಿ ಓದಿದ್ದು 1876ರ ಮೊದಲ ತಿಂಗಳುಗಳಲ್ಲಿ. ಅದೇ ವರ್ಷ ಮಳೆ ಕೈಕೊಟ್ಟಿತು. ನಮ್ಮ ಹಿರಿಯರು ಧಾತು, ಈಶ್ವರ ಸಂವತ್ಸರಗಳ ಬರ ಎಂದು ಹೇಳುತ್ತಿದ್ದುದು ಇದನ್ನೇ. ಅಂದು ಮುಂಬಯಿ ಇಲಾಖೆಯಲ್ಲಿದ್ದ ಸೊಲ್ಲಾಪುರ, ವಿಜಾಪುರದ ಕಡೆ, ಮದ್ರಾಸು ಇಲಾಖೆಯಲ್ಲಿದ್ದ ಬಳ್ಳಾರಿ, ಆದೋನಿಯ ಕಡೆ, ಮೈಸೂರು ಸೀಮೆಯಲ್ಲಿ ಊರಿಗೆ ಊರೇ ಬರಿದಾದವು. 1878ರವರೆಗೆ ದೇಶದಲ್ಲಿ ಐವತ್ತು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಬರದ ಕಾಮಗಾರಿಯಲ್ಲಿ ಮಣ್ಣು ಹೊತ್ತ ಗಂಡಾಳಿಗೆ ಕೆಲಕಾಲ ದಿನಕ್ಕೆ ಕೊಟ್ಟದ್ದು ಒಂದು ಪೌಂಡು ಧಾನ್ಯ ಮತ್ತು ಒಂದಾಣೆ. ಅತ್ತ ಬಂದರಿನಿಂದ ಧಾನ್ಯ ಹಡಗು ಹತ್ತುವುದು ನಿಲ್ಲಲಿಲ್ಲ. ವರ್ಷಕ್ಕೆ ಇಪ್ಪತ್ತು ರೂಪಾಯಿಯವನಿಗೆ ಒಂದು ಮಳೆ ತಪ್ಪಿದರೆ ತಡೆದುಕೊಳ್ಳಲು ಏನಿರುತ್ತದೆ? ಕಾಗದದ ಮೇಲಿನ ಅಂಕೆ ನಮ್ಮ ನೆಲದ ಮೇಲೆಯೇ ನಿಜವಾಯಿತು.

ಪಾರ್ಲಿಮೆಂಟಿನಲ್ಲಿ

ಅಧಿಕಾರಿಗಳು ಅಷ್ಟು ಸುಲಭವಾಗಿ ಒಪ್ಪಲಿಲ್ಲ. ಲೆಕ್ಕದಲ್ಲಿ ಬಿಟ್ಟದ್ದು ಬಹಳ ಎಂದರು. 1882ರಲ್ಲಿ ಸರ್ಕಾರದ ಹಣಕಾಸಿನ ಸದಸ್ಯ ಬೇರಿಂಗ್ ತಲೆಗೆ 27 ರೂಪಾಯಿ ಎಂಬ ಅಂಕೆ ಕೊಟ್ಟರು. ಆ ಅಂಕೆ ಹೇಗೆ ಬಂತು, ವಿವರ ತೋರಿಸಿ ಎಂದು ದಾದಾಭಾಯಿಯವರು ಕೇಳಿದರೆ ತೋರಿಸಲಿಲ್ಲ. ಇವರಾದರೋ ತಮ್ಮ ಲೆಕ್ಕದ ಒಂದೊಂದು ಮೆಟ್ಟಿಲನ್ನೂ ಅಚ್ಚು ಹಾಕಿಸಿ ಎಲ್ಲರ ಮುಂದಿಟ್ಟಿದ್ದರು.

ಕಾನೂನು ಮಾಡುವ ಸ್ಥಳದಲ್ಲಿಯೇ ಮಾತನಾಡಬೇಕೆಂದು 1886ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಚುನಾವಣೆಗೆ ನಿಂತು ಸೋತರು. ಕಪ್ಪು ಮನುಷ್ಯನನ್ನು ಇಂಗ್ಲಿಷರು ಆರಿಸುವ ಕಾಲ ಬಂದಿಲ್ಲವೆಂದು ಪ್ರಧಾನಿ ಸಾಲಿಸ್‌ಬರಿಯೇ ಹೀಯಾಳಿಸಿದರು. 1892ರಲ್ಲಿ ಲಂಡನ್ನಿನ ಸೆಂಟ್ರಲ್ ಫಿನ್ಸ್‌ಬರಿಯಿಂದ ದಾದಾಭಾಯಿಯವರು ಐದೇ ಐದು ಮತಗಳಿಂದ ಗೆದ್ದರು. ಆಗ ಅವರಿಗೆ ಅರವತ್ತಾರು ವರ್ಷ. ಮರುವರ್ಷ ಒಬ್ಬನೇ ಮಗ ಅರ್ದೇಶಿರ್ ತೀರಿಕೊಂಡರು. ಆ ದುಃಖದಲ್ಲಿಯೂ ಲಾಹೋರಿಗೆ ಬಂದು ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದರು. 1895ರ ಚುನಾವಣೆಯಲ್ಲಿ ಸೋತರೂ ಭಾರತದ ವೆಚ್ಚದ ವಿಚಾರಣೆಗೆ ನೇಮಿಸಿದ ರಾಯಲ್ ಕಮಿಷನ್ನಿನಲ್ಲಿ ಸದಸ್ಯರಾಗಿ ಲೆಕ್ಕ ಕೇಳುವುದನ್ನು ಬಿಡಲಿಲ್ಲ. 1901ರಲ್ಲಿ ತಮ್ಮ ಬರಹಗಳನ್ನೆಲ್ಲ ಸೇರಿಸಿ ಭಾರತದ ಬಡತನವನ್ನು ಕುರಿತ ದೊಡ್ಡ ಗ್ರಂಥವನ್ನು ಲಂಡನ್ನಿನಲ್ಲಿ ಪ್ರಕಟಿಸಿದರು.

ಬಹುಕಾಲ ಅವರು ಬ್ರಿಟಿಷರ ನ್ಯಾಯಬುದ್ಧಿಯನ್ನು ನಂಬಿದ್ದರು. ಅಂಕೆಗಳನ್ನು ತೋರಿಸಿದರೆ ತಿದ್ದಿಕೊಳ್ಳುವರೆಂದು ಕಾದರು. ನಾಲ್ವತ್ತು ವರ್ಷ ಕಾದ ಮೇಲೆ, 1906ರ ಕಲ್ಕತ್ತೆಯ ಅಧಿವೇಶನದಲ್ಲಿ, ಸ್ವರಾಜ್ಯವೊಂದೇ ಪರಿಹಾರವೆಂದು ಸಾರಿದರು. ಎಂಬತ್ತೊಂದರ ವಯಸ್ಸಿನಲ್ಲಿ ಧ್ವನಿ ಕ್ಷೀಣವಾಗಿದ್ದುದರಿಂದ ಅವರ ಭಾಷಣವನ್ನು ಗೋಖಲೆಯವರು ಓದಿದರು. 1917ರ ಜೂನ್ 30ರಂದು ಮುಂಬಯಿಯಲ್ಲಿ ಅವರು ಕಾಲವಾದರು. ಅವರ ಮೊಮ್ಮಕ್ಕಳಾದ ಪೆರಿನ್ ಮತ್ತು ಖುರ್ಷೇದ್ ಮುಂದೆ ಸ್ವಾತಂತ್ರ್ಯ ಹೋರಾಟಕ್ಕೆ ಇಳಿದರು.

ಇಂದಿನ ವಿದ್ವಾಂಸರ ಕಣ್ಣಿನಲ್ಲಿ

ಅರ್ಥಶಾಸ್ತ್ರದ ಇತಿಹಾಸವನ್ನು ಅಭ್ಯಾಸ ಮಾಡುವವರು ದಾದಾಭಾಯಿಯವರ ಲೆಕ್ಕವನ್ನು ಈಗಲೂ ಬಿಚ್ಚಿ ನೋಡುತ್ತಿದ್ದಾರೆ. ಅದರಲ್ಲಿ ಕೊರತೆಗಳಿವೆ. ಕಣ್ಣಿಗೆ ಕಾಣುವ ಸರಕನ್ನು ಮಾತ್ರ ಅವರು ಎಣಿಸಿದರು. ವೈದ್ಯನ, ಉಪಾಧ್ಯಾಯನ, ಕ್ಷೌರಿಕನ ದುಡಿಮೆಯನ್ನು ಎಣಿಸಲಿಲ್ಲ. ಹೊರಗೆ ಹೋದ ಹಣದಲ್ಲಿ ರೈಲ್ವೆಯಂಥ ಸೇವೆಗಳಿಗೆ ಕೊಟ್ಟ ಬೆಲೆಯೂ ಇತ್ತು, ಬಡತನಕ್ಕೆ ಅದೇ ಮುಖ್ಯ ಕಾರಣವಲ್ಲ ಎಂದು ತೀರ್ಥಂಕರ ರಾಯ್ ಅವರು ವಾದಿಸುತ್ತಾರೆ. ಉತ್ಸಾ ಪಟ್ನಾಯಕ್ ಅವರು ಸೋರಿಕೆ ಬಹಳ ದೊಡ್ಡದೆಂದು ಲೆಕ್ಕ ಹಾಕಿದ್ದಾರೆ. ಈ ಚರ್ಚೆ ಮುಗಿದಿಲ್ಲ. ದಿನ್ಯಾರ್ ಪಟೇಲರು ದಾದಾಭಾಯಿಯವರ ಸಾವಿರಾರು ಪತ್ರಗಳನ್ನು ಓದಿ 2020ರಲ್ಲಿ ಅವರ ಜೀವನ ಚರಿತ್ರೆ ಪ್ರಕಟಿಸಿದರು. ಐರ್ಲೆಂಡಿನ ನಾಯಕರು, ಕಾರ್ಮಿಕರ ಪಕ್ಷದವರು, ಮತದಾನದ ಹಕ್ಕು ಕೇಳಿದ ಮಹಿಳೆಯರು, ಎಲ್ಲರೊಡನೆಯೂ ಅವರಿಗೆ ನಂಟಿತ್ತೆಂಬುದು ಆ ಗ್ರಂಥದಿಂದ ತಿಳಿಯುತ್ತದೆ.

ಉತ್ತರ ಹೆಚ್ಚು ಕಡಿಮೆ ಆಗಿರಬಹುದು. ಪ್ರಶ್ನೆ ಮಾತ್ರ ನಿಂತಿತು. ಮುಂದೆ ವಿ. ಕೆ. ಆರ್. ವಿ. ರಾವ್ ಅವರು 1931-32ರ ರಾಷ್ಟ್ರೀಯ ವರಮಾನವನ್ನು ಇನ್ನಷ್ಟು ಶಾಸ್ತ್ರೀಯವಾಗಿ ಎಣಿಸಿದರು. ಇವರೇ 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಅಧ್ಯಯನದ ದೊಡ್ಡ ಸಂಸ್ಥೆಯನ್ನು ಕಟ್ಟಿದವರು. ಸ್ವತಂತ್ರ ಭಾರತ 1949ರಲ್ಲಿ ರಾಷ್ಟ್ರೀಯ ವರಮಾನದ ಸಮಿತಿಯನ್ನು ನೇಮಿಸಿದಾಗ ಮಹಲನೋಬಿಸ್ ಮತ್ತು ಗಾಡ್ಗೀಳರೊಡನೆ ರಾವ್ ಅವರೂ ಅದರಲ್ಲಿದ್ದರು. ಇಂದು ಪತ್ರಿಕೆಯಲ್ಲಿ ತಲಾ ವರಮಾನ ಎಂಬ ಮಾತು ಕಂಡಾಗಲೆಲ್ಲ ನಾವು ಓದುತ್ತಿರುವುದು ದಾದಾಭಾಯಿಯವರು ಹಿಡಿದ ದಾರಿಯ ಮುಂದಿನ ಮೈಲುಗಲ್ಲನ್ನು.

ಬಡವರ ಹಣದಿಂದ ಕಲಿತ ಹುಡುಗನೊಬ್ಬ ಕಲಿತ ಗಣಿತವನ್ನು ಬಡವರ ಪರವಾಗಿ ಬಳಸಿದನು. ನಮ್ಮ ಶಾಲೆಗಳೂ ಜನರ ಹಣದಿಂದಲೇ ನಡೆಯುತ್ತವೆ. ಮುಂದಿನ ಸಲ ಸರಾಸರಿಯ ಲೆಕ್ಕ ಬಂದಾಗ ಉತ್ತರ ಬರೆದು ಪುಸ್ತಕ ಮುಚ್ಚುವ ಮೊದಲು, ಇದು ಯಾರ ಪಾಲು, ಅವರಿಗೆ ಇದು ಸಾಲುತ್ತದೆಯೇ ಎಂದು ಒಮ್ಮೆ ಕೇಳಿಕೊಳ್ಳೋಣ. ಮನೆಯಲ್ಲಿ ತಂದೆ ತಾಯಿಗಳೂ ಮಕ್ಕಳೊಡನೆ ಕುಳಿತು ಈ ಲೆಕ್ಕವನ್ನು ಮಾಡಿದರೆ ಆ ಹಿರಿಯರನ್ನು ನೆನೆದದ್ದು ಸಾರ್ಥಕವಾಗುತ್ತದೆ.